ಬಾವುಟದ ಐದನೆಯ ಗುರುತು

ನಮ್ಮ ಊರಿನ ಪುರಸಭೆಯ ಬಾವುಟವನ್ನು ಹೊಲಿಯುವವಳು ನಾನು. ನನಗಿಂತ ಮೊದಲು ನಮ್ಮವ್ವ ಹೊಲಿಯುತ್ತಿದ್ದಳು, ಅವಳಿಗಿಂತ ಮೊದಲು ಅವಳ ಸೋದರತ್ತೆ. ಬೇರೆ ಊರಿನವರು ತಮ್ಮಲ್ಲಿ ಇರುವುದನ್ನು ಬಾವುಟದ ಮೇಲೆ ಹಾಕಿಕೊಳ್ಳುತ್ತಾರೆ. ಕೋಟೆಯ ಬಾಗಿಲು, ಕಬ್ಬಿನ ಜಲ್ಲೆ, ಹುಲಿಯ ಮುಖ, ಹೀಗೆ. ನಮ್ಮೂರಿನವರು ತಮ್ಮನ್ನು ಬಿಟ್ಟು ಹೋದದ್ದನ್ನು ಹಾಕುತ್ತಾರೆ. ಮೇಲೆ ಎರೆಮಣ್ಣಿನ ಬಣ್ಣದ ಒಂದು ಪಟ್ಟಿ, ಅದರ ಕೆಳಗೆ ಬಿಳುಪು ಮಾಡದ ಖಾದಿ, ಖಾದಿಯ ಮೇಲೆ ಎಡದಿಂದ ನಾಲ್ಕು ಗುರುತುಗಳು: ಒಂದು ಕೊಕ್ಕರೆ, ಕೆರೆಯ ತೂಬು, ಟಾಂಗಾದ ಗಾಲಿ, ಹತ್ತಿ ಗಿರಣಿಯ ಚಿಮಣಿ. ಬಲಕ್ಕೆ ಇನ್ನೂ ಒಂದು ಗೇಣು ಜಾಗ ಖಾಲಿ ಇದೆ.

ಬಾವುಟದ ಮೇಲೆ ಹೊಲಿದದ್ದು ಮತ್ತೆ ಬರುವುದಿಲ್ಲ. ಆದರೆ ಅದರ ನೆನಪು ಮತ್ತೆ ನೋಯಿಸುವುದೂ ಇಲ್ಲ. ಕೊಕ್ಕರೆಯನ್ನು ಹೊಲಿದ ಮೇಲೆ ಪಕ್ಕದ ಊರಿನ ಹೊಲದವರೆಗೂ ಕೊಕ್ಕರೆ ಬಂದು ಇಳಿದವಂತೆ, ನಮ್ಮ ಗಡಿಯ ಒಳಗೆ ಒಂದೂ ಕಾಲಿಡಲಿಲ್ಲ. ಊರಿನವರು ಬೇಸರಪಟ್ಟುಕೊಳ್ಳಲೂ ಇಲ್ಲ.

ಚಿಮಣಿಯನ್ನು ಹೊಲಿದಾಗ ನನಗೆ ಇಪ್ಪತ್ತು ವರ್ಷ. ಅವ್ವನ ಕಣ್ಣು ಮಂಜಾಗಿತ್ತು, ಅಂಚನ್ನೆಲ್ಲ ನಾನೇ ಹೊಲಿದೆ. ನಮ್ಮ ಓಣಿಯ ಶಾಂತಕ್ಕನ ಗಂಡ ಗಿರಣಿ ಮುಚ್ಚಿದಾಗ ಅದರ ಯಂತ್ರಗಳ ಜೊತೆಗೇ ದೂರದ ಇನ್ನೊಂದು ಊರಿಗೆ ಹೋಗಿದ್ದ. ನಾಲ್ಕು ವರ್ಷ ಅವಳು ಬಾಗಿಲು ಪೂರ್ತಿ ಹಾಕಿಕೊಂಡು ಮಲಗಿದವಳಲ್ಲ. ಬಾವುಟ ಏರಿದ ದಿನ ಮಧ್ಯಾಹ್ನ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಕೆಲವು ದಿನ ಬಿಟ್ಟು ನಾನು, "ಅಣ್ಣಾರ ಸುದ್ದಿ ಏನಾರ ಬಂತೇನಕ್ಕಾ?" ಎಂದು ಕೇಳಿದೆ. "ಅವರು ಗಿರಣ್ಯಾಗ ಇದ್ರವಾ. ಮೊದಲನೇ ಪಾಳೇಕ ಹೋಗತಿದ್ರು," ಎಂದು ನಗುತ್ತಲೇ ಹೇಳಿದಳು. ಸಾಲೆಯ ಮಕ್ಕಳು ಪಾಠ ಒಪ್ಪಿಸುತ್ತಾರಲ್ಲ, ಹಾಗಿತ್ತು ಆ ದನಿ. ಅವಳ ಮುಖ ತುಂಬಿಕೊಂಡಿತ್ತು, ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ನನಗೆ ಸಂತೋಷವಾಗಬೇಕಿತ್ತು. ಮನೆಗೆ ಬಂದವಳು ಅಂದು ಊಟ ಮಾಡಲಿಲ್ಲ.

ಮುಂದೆ ನಮ್ಮೂರನ್ನು ಬಿಟ್ಟು ಹೋದದ್ದು ನಾಟಕದ ಕಂಪನಿ. ಅದಕ್ಕೆ ಉದ್ದನೆಯ ಹೆಸರಿತ್ತು, ನಮಗೆಲ್ಲ ಬರೀ ಕಂಪನಿ. ಸಂಕ್ರಾಂತಿ ಮುಗಿದ ವಾರಕ್ಕೆ ಬಂದು ಮೈದಾನದಲ್ಲಿ ತಗಡಿನ ಥೇಟರು ಕಟ್ಟುತ್ತಿತ್ತು, ಹೋಳಿ ಹುಣ್ಣಿಮೆ ಕಳೆದ ಮೇಲೆ ಕಿತ್ತುಕೊಂಡು ಹೋಗುತ್ತಿತ್ತು. ಅದರಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದವರು ನಮ್ಮವರು, ನನ್ನ ಗಂಡ. ತೋಳು ಹರಿದ ಒಂದು ಕರೀ ಕೋಟು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದಿದ್ದರು, ಮರುವರ್ಷ ಅಕ್ಷತೆ ಬಿತ್ತು. ಅವರಿಗೆ ಕಂಪನಿ ಬಿಡಲಾಗಲಿಲ್ಲ, ನನಗೆ ಅವ್ವನನ್ನೂ ಬಾವುಟವನ್ನೂ ಬಿಡಲಾಗಲಿಲ್ಲ. ಹಾಗಾಗಿ ಹದಿನಾಲ್ಕು ವರ್ಷ, ವರ್ಷಕ್ಕೆ ಎರಡು ತಿಂಗಳಂತೆ ಸಂಸಾರ ಮಾಡಿದೆವು. ಮಕ್ಕಳಾಗಲಿಲ್ಲ. ಉಳಿದ ಹತ್ತು ತಿಂಗಳು ಕಾಗದ ಬರುತ್ತಿತ್ತು. ಯಾವ ಊರಿನ ನೀರು ಉಪ್ಪು, ಯಾವ ಊರಿನವರು ಪದಕ್ಕೆ ತಲೆದೂಗುತ್ತಾರೆ, ಎಲ್ಲ ಬರೆಯುತ್ತಿದ್ದರು.

ಒಂದು ವರ್ಷ ಕಂಪನಿ ಬರಲಿಲ್ಲ. ಮುಂದಿನ ವರ್ಷವೂ ಇಲ್ಲ. ಎರಡು ವರ್ಷ ಕಾಗದ ಮಾತ್ರ ಬಂತು, ಆಮೇಲೆ ಅದೂ ನಿಂತಿತು. ಏಳು ವರ್ಷವಾಯಿತು. ಹಾಗಿದ್ದೂ ಸಂಕ್ರಾಂತಿ ಬಂತೆಂದರೆ ಪುರಸಭೆಯವರು ಮೈದಾನದ ಮುಳ್ಳು ತೆಗೆಸಿ ನೀರು ಹೊಡೆಸುತ್ತಿದ್ದರು. ಆ ಎರಡು ತಿಂಗಳು ಊರೆಲ್ಲ ಬೇಗ ಉಣ್ಣುತ್ತಿತ್ತು. ಹೆಂಗಸರು ಮುಖ ತೊಳೆದು, ಹೂ ಮುಡಿದು, ಹೋಗಲು ಎಲ್ಲಿಯೂ ಇಲ್ಲದೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಯಾರೂ ಕಂಪನಿಯ ಮಾತು ಎತ್ತುತ್ತಿರಲಿಲ್ಲ. ದೂರದಲ್ಲಿ ಲಾರಿಯ ಸದ್ದಾದರೆ ಸಾಕು, ಕಟ್ಟೆಗಳೆಲ್ಲ ಒಮ್ಮೆಗೇ ಸುಮ್ಮನಾಗುತ್ತಿದ್ದವು.

ಆ ವರ್ಷ ಸಂಕ್ರಾಂತಿಯ ಎರಡನೇ ದಿನ ಪುರಸಭೆ ಅಧ್ಯಕ್ಷ ಬಾಳಪ್ಪನವರು ಡ್ರಾಯಿಂಗ್ ಮಾಸ್ತರರನ್ನು ಕರೆದುಕೊಂಡು ಅಂಗಡಿಗೆ ಬಂದರು. ಬಾಳಪ್ಪನವರು ಒಳ್ಳೆಯ ಮನುಷ್ಯ, ಕಂಪನಿಯ ಪದಗಳನ್ನು ಸ್ನಾನ ಮಾಡುವಾಗ ಹಾಡಿಕೊಳ್ಳುತ್ತಿದ್ದವರು. ಅವರು ಕುರ್ಚಿಯ ಮೇಲೆ ಕೂತರು. ಮಾಸ್ತರರು ಸುರುಳಿ ಬಿಚ್ಚಿ ಕತ್ತರಿಸುವ ಮೇಜಿನ ಮೇಲೆ ಹರಡಿದರು. ಕೆಂಪು ಪರದೆ, ಅರ್ಧಕ್ಕೆ ನಿಂತದ್ದು, ಕೆಳಗೆ ಹಳದಿಯ ಒಂದು ಪಟ್ಟಿ ಬೆಳಕು.

"ಮದಲ ಕಿರೀಟ ಬರದಿದ್ದೆ. ಕಿರೀಟ ಅಂದ್ರ ರಾಜರದು ಅನಕೋತಾರಂತ ಬಿಟ್ಟೆ," ಎಂದರು ಮಾಸ್ತರರು. "ಪೇಟಿ ಬರೀಬೇಕಂತಿದ್ದೆ. ನಿಮ್ಮ ಕೈಯಾಗ ಅದನ್ನ ಹೊಲಸೂದು ಹ್ಯಾಂಗಂತ..."

ನಾನು ಚಿತ್ರವನ್ನು ನೋಡಿದೆ. "ಇದು ಏಳೂ ಪರದೇನೋ ಬೀಳೂ ಪರದೇನೋ, ಮಾಸ್ತರ?"

"ಅದು ನೋಡಾವ್ರಿಗೆ ಬಿಟ್ಟದ್ದವಾ."

"ಹೊಲ್ಯಾಕಿಗೆ ಗೊತ್ತಿರಬೇಕಲ್ಲರಿ."

ಬಾಳಪ್ಪನವರು ಕೈ ಜೋಡಿಸಿಕೊಂಡು, "ತುಳಸಕ್ಕಾ, ಊರಿಗೆ ಸಾಕಾಗೇತಿ. ಈ ಎರಡು ತಿಂಗಳು ಬಂದ್ರ ಮಂದಿ ಮುಖಾ ನೋಡಾಕಾಗೂದಿಲ್ಲ. ಹೋಳಿ ಮುಂದ ಮೈದಾನದಾಗ ಸಭಾ ಕರೀತೀನಿ, ಠರಾವಿನ ಪ್ರಕಾರ ಮೂರು ಸಲ ಕೇಳತೀನಿ. ಕಾಯಾವ್ರು ಒಬ್ಬರಿದ್ರೂ ಹೊಲಿಯೂದಿಲ್ಲ. ನೀವು ವಿಚಾರ ಮಾಡ್ರಿ," ಎಂದರು.

ಅದು ಹಳೆಯ ಠರಾವು. ಹೋದದ್ದರ ದಾರಿ ಕಾಯುವವರು ಊರಿನಲ್ಲಿ ಒಬ್ಬರಿದ್ದರೂ ಅದನ್ನು ಬಾವುಟಕ್ಕೆ ಸೇರಿಸುವಂತಿಲ್ಲ. ಬಾಳಪ್ಪನವರು ಬಂದದ್ದು ನನ್ನೊಬ್ಬಳ ಬಾಯಿಗೆ ಹೆದರಿ ಎಂದು ನನಗೆ ಗೊತ್ತಾಯಿತು. ಸಭೆಯಲ್ಲಿ ಎದ್ದು ನಿಂತು, ನಾನು ಕಾಯುತ್ತಿದ್ದೇನೆ ಎಂದುಬಿಡಬೇಕು ಎಂದು ಆಗಲೇ ನಿಶ್ಚಯಿಸಿದ್ದೆ.

ಮರುದಿನ ಮಾಬೂಬಿ ಬಂದಳು. ಮೈದಾನದ ಪಕ್ಕದಲ್ಲಿ ಮಂಡಕ್ಕಿ, ಮಿರ್ಚಿಯ ಅಂಗಡಿ ಇಟ್ಟವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಒಬ್ಬನೇ ಮಗ ದಾವಲ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ಪಾತ್ರ ಮಾಡುವ ಆಸೆಯಿಂದ ಸೇರಿದವನು, ಕೊನೆಗೆ ಪರದೆಯ ಹಗ್ಗವೇ ಅವನ ಪಾಲಿಗೆ ಬಂತು. ಅವನೂ ಏಳು ವರ್ಷದಿಂದ ಇಲ್ಲ.

"ತುಳಸಾ, ನೀ ಏಳತಿ ಅಂತ ಗೊತ್ತೈತಿ ನನಗ," ಎಂದಳು. "ಏಳಬ್ಯಾಡ."

"ಯಾಕಕ್ಕಾ? ನಿನಗ ನಿನ್ನ ಮಗಾ ಬ್ಯಾಡೇನು?"

"ಬೇಕು. ಬೇಕು ಬೇಕು ಅಂತ ಏಳು ವರ್ಷ ಆತು. ಎಣ್ಣಿ ಕಾಯಿಸಿಕೋಂತ ರಸ್ತೇ ನೋಡತೀನಿ, ಹಿಟ್ಟು ಹೊತ್ತತೈತಿ. ನನಗ ಅರವತ್ತು ದಾಟೇತಿ. ಶಾಂತವ್ವ ಹೋಳಿಗಿ ಹಂಚಿದಂಗ ನಾನೂ ಒಂದಿನ ಏನಾರ ಹಂಚಿ ಸಾಯ್ತೀನಿ, ಬಿಡು." ಅವಳು ನನ್ನ ಕೈ ಹಿಡಿದುಕೊಂಡಳು. ಎಣ್ಣೆಯಿಂದ ಸುಟ್ಟ ಕಲೆಗಳ ಕೈ. "ನಿನ್ನ ಕಾಲು ಬೀಳತೀನಿ. ಹೊಲದಬಿಡು."

ನನ್ನ ಕಾಯುವಿಕೆ ನನ್ನೊಬ್ಬಳದು ಎಂದುಕೊಂಡಿದ್ದೆ. ಅದು ಇನ್ನೊಬ್ಬಳ ನಿದ್ದೆಯನ್ನು ಹಿಡಿದುಕೊಂಡು ಕೂತಿದೆ ಎಂದು ಅನ್ನಿಸಿರಲಿಲ್ಲ. ನಾನು ಹೇಳಿದೆ, "ಹೋಳಿತನಕ ಟೈಮೈತಿ. ನಾ ಹುಡಿಕ್ಯಾಡಿ ಬರತೀನಿ. ಸಿಗಲಿಲ್ಲಂದ್ರ ಬಾಯಿ ಬಿಡೂದಿಲ್ಲ."

ಅಂಗಡಿಗೆ ಬೀಗ ಹಾಕಿ, ನಮ್ಮವರ ಹಳೆಯ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಲ್ಲಿಯವರೆಗೆ ಜಿಲ್ಲೆ ದಾಟಿದವಳಲ್ಲ. ಕಾಗದದಲ್ಲಿದ್ದ ಊರುಗಳಿಗೆ ಒಂದೊಂದಾಗಿ ಹೋದೆ. ನೀರು ಉಪ್ಪು ಎಂದು ಬರೆದಿದ್ದ ಊರಿನಲ್ಲಿ ನೀರು ಕುಡಿದೆ, ಉಪ್ಪೇ ಇತ್ತು. ಅದೊಂದೇ ನೆಪಕ್ಕೆ ಬಾವಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ಅಲ್ಲಿಯವರು ಕಂಪನಿಯನ್ನು ನೆನೆಸಿಕೊಂಡರು, ಯಾವ ಕಡೆ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ಊರಿನ ಉಳ್ಳಾಗಡ್ಡಿ ಮಾರ್ಕೆಟ್ಟಿನಲ್ಲಿ ನೆರಳಿಗೆಂದು ಕಟ್ಟಿದ್ದ ಬಟ್ಟೆಯನ್ನು ನೋಡಿ ನನ್ನ ಕಾಲು ನಿಂತವು. ಅರಮನೆಯ ಕಂಬಗಳು, ನವಿಲು, ಒಂದು ಕಾರಂಜಿ. ಕಂಪನಿಯ ಹಿಂದಿನ ಪರದೆ. ಅದರ ಅಂಚಿನ ತೇಪೆಗಳು ನನ್ನವೇ. ಒಬ್ಬ ಹರಾಜಿನವನು ಹೇಳಿದ ಪ್ರಕಾರ ನದಿ ದಾಟಿದ ಮೇಲಿನ ದೊಡ್ಡ ಊರಿನಲ್ಲಿ ಕಂಪನಿ ಮುರಿದು, ಸಾಮಾನುಗಳೆಲ್ಲ ಅಲ್ಲಿಂದಲೇ ಹಂಚಿಹೋದವು.

ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಗದ್ದಲದ ನಡುವೆ ಮೈಕಿನಿಂದ ಒಂದು ದನಿ ಬಂತು. "ಪ್ರಿಯ ಪ್ರಯಾಣಿಕ ಮಹಾಶಯರೇ! ಸಂಗಮದ ಮಾರ್ಗವಾಗಿ ಸಾಗಲಿರುವ ವಾಹನವು ಇದೋ, ಮೂರನೆಯ ಅಂಕಣದಲ್ಲಿ ತಮ್ಮ ಪಾದಸ್ಪರ್ಶಕ್ಕಾಗಿ ಕಾದು ನಿಂತಿದೆ!" ಜನ ನಗುತ್ತ ಬಸ್ಸು ಹತ್ತುತ್ತಿದ್ದರು. ಪರದೆಯ ಹಿಂದೆ ನಿಂತು ಪ್ರತಿಯೊಂದು ಪಾತ್ರದ ಮಾತನ್ನೂ ಬಾಯಿಪಾಠ ಮಾಡಿದವನ ದನಿ. ನಾನು ಮೈಕಿನ ಖೋಲಿಯ ಕಿಟಕಿಗೆ ಹೋಗಿ ನಿಂತೆ. ದಾವಲ ನನ್ನನ್ನು ನೋಡಿದ. ಮೈಕು ಬಂದ್ ಮಾಡಲೂ ಮರೆತು, "ಕಾಕೂ!" ಎಂದ. ಇಡೀ ಬಸ್‌ಸ್ಟ್ಯಾಂಡು ಅದನ್ನು ಕೇಳಿತು.

ಖೋಲಿಯ ಹಿಂದಿನ ಬೆಂಚಿನ ಮೇಲೆ ಕೂತು ಅವನು ಎಲ್ಲ ಹೇಳಿದ. ಥೇಟರು ಕೀಳುವಾಗ ಅಡ್ಡಗಂಬ ಬಿದ್ದು ಅವನ ಬಲಗೈ ಜಜ್ಜಿಹೋಗಿತ್ತು, ಮೊಣಕೈಯವರೆಗೆ ತೆಗೆಯಬೇಕಾಯಿತು. ಅವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲದೆ ನಮ್ಮವರು ಆ ಊರಿನಲ್ಲೇ ಉಳಿದರು. ಅವನಿಗೆ ತುತ್ತು ಮಾಡಿ ಉಣ್ಣಿಸಿದರು. ಆಮೇಲೆ ಅವರಿಗೇ ಜ್ವರ ಬಂತು. ಹನ್ನೊಂದು ದಿನ.

"ಹೋಗಿ ಐದು ವರ್ಷ ಆತು, ಕಾಕು. ನದೀ ದಂಡಿಗೆ ನಾನ ಎಲ್ಲಾ ಮಾಡಿದೆ. ಒಂದ ಕೈಲೆ."

ಐದು ವರ್ಷ. ಐದು ಸಂಕ್ರಾಂತಿಗೆ ನಾನು ಅವರ ಕೋಟಿಗೆ ಬಿಸಿಲು ತೋರಿಸಿ ಗುಂಡಿ ಸರಿ ಮಾಡಿಟ್ಟಿದ್ದೆ. ಎದುರಿಗೆ ಒಬ್ಬ ಕಂಡಕ್ಟರು ಕಿತ್ತಳೆ ಸುಲಿದು ತಿನ್ನುತ್ತಿದ್ದ, ನಾನು ಅವನನ್ನೇ ನೋಡುತ್ತ ಕೂತಿದ್ದೆ.

"ಒಂದು ಕಾಗದ ಬರದಿದ್ರ ಏನಾಗತಿತ್ತೋ?" ಎಂದೆ ಕೊನೆಗೆ.

"ಹ್ಯಾಂಗ ಬರೀಲಿ? ನನ್ನ ಸಲುವಾಗಿ ಉಳಕೊಂಡು ಹೋದ್ರಂತ ಬರೀಲೇನು?"

ಬಾವುಟದ ಸುದ್ದಿ, ಅವನ ಅವ್ವನ ಮಾತು, ಎರಡನ್ನೂ ಹೇಳಿದೆ. ಅವನು ತಲೆ ತಗ್ಗಿಸಿದ. "ಹೊಲೀರಿ, ಕಾಕು. ನಾ ಸಿಕ್ಕಿದ್ದೆ ಅಂತ ಅವ್ವಗ ಹೇಳಬ್ಯಾಡ್ರಿ. ಈ ಕೈ ತೋರಿಸಿ ಆಕೀಗೆ ಏನು ಕೊಡೂದೈತಿ? ಆರಾಮ ನಿದ್ದಿ ಮಾಡಲಿ," ಎಂದ. ಒಂದು ಬಸ್ಸು ಹಾರ್ನು ಹೊಡೆಯಿತು. ಅವನು ಎದ್ದು, ಮುಖ ಒರೆಸಿಕೊಂಡು ಮೈಕಿನ ಮುಂದೆ ಹೋಗಿ ನಿಂತ. ನಾನು ಅವನಿಗೆ ಹೂಂ ಎಂದೂ ಹೇಳಲಿಲ್ಲ, ಉಹೂಂ ಎಂದೂ ಹೇಳಲಿಲ್ಲ.

ಊರಿಗೆ ಬಂದು ನಮ್ಮವರು ತೀರಿಕೊಂಡ ಸುದ್ದಿ ತಿಳಿಸಿದೆ. ಓಣಿಯವರೆಲ್ಲ ಬಂದು ಕೂತು ಹೋದರು. ಬಾಳಪ್ಪನವರು ಬಾಗಿಲಲ್ಲೇ ನಿಂತು ಅತ್ತರು. ಮಾಬೂಬಿ ಮೂರು ದಿನ ನನ್ನ ಮನೆಯಲ್ಲೇ ಮಲಗಿದಳು. ನುಚ್ಚು ಮಾಡಿ, ಒತ್ತಾಯ ಮಾಡಿ ಉಣ್ಣಿಸಿದಳು. ಮೊದಲನೆಯ ದಿನವೇ ಕೇಳಿದಳು, "ನಮ್ಮ ದಾವಲ?"

"ಕಾಣಲಿಲ್ಲಕ್ಕಾ," ಎಂದೆ.

ಅವಳು ಮತ್ತೆ ಕೇಳಲಿಲ್ಲ. ಪಾತ್ರೆ ತೊಳೆಯಲು ಎದ್ದು ಹೋದಳು.

ಆ ದಿನಗಳಲ್ಲಿ ನನಗೆ ಬಾವುಟ ಬೇಕೆನ್ನಿಸತೊಡಗಿತು. ನಿಜ ಹೇಳುತ್ತೇನೆ, ಬಹಳ ಬೇಕೆನ್ನಿಸಿತು. ಕೆಂಪು ಬಟ್ಟೆಯನ್ನು ಪರದೆಯ ಆಕಾರಕ್ಕೆ ಕತ್ತರಿಸಿ, ಅಂಚು ಮಡಿಸಿ ಕಚ್ಚಾ ಹೊಲಿಗೆ ಹಾಕಿಟ್ಟೆ. ಸೂಜಿಯನ್ನು ಖಾದಿಗೆ ಚುಚ್ಚಿ ನೂಲು ಎಳೆದರೆ ಮುಗಿಯಿತು. ಎದೆಯಲ್ಲಿ ಸದಾ ಅಮುಕುತ್ತಿದ್ದುದು ಹೋಗುತ್ತದೆ. ಯಾರಾದರೂ ಕೇಳಿದರೆ, ಅವರು ಪೇಟಿ ಬಾರಿಸುತ್ತಿದ್ದರು ಎಂದು ನಗುತ್ತ ಹೇಳುತ್ತೇನೆ. ಮಾಬೂಬಿಯೂ ಹಾಗೆಯೇ ಹೇಳುತ್ತಾಳೆ, ನನ್ನ ಮಗ ಪರದೆ ಎಳೆಯುತ್ತಿದ್ದ ಎಂದು. ಅವನೋ ಅಲ್ಲಿ ಇನ್ನೂ ಮೂವತ್ತು ವರ್ಷ ಬಸ್ಸುಗಳ ಹೆಸರು ಕೂಗುತ್ತಾನೆ, ಇಲ್ಲಿಗೆ ಬರುವ ಬಸ್ಸನ್ನು ಎಂದೂ ಹತ್ತುವುದಿಲ್ಲ.

ಸಭೆಯ ದಿನ ಬೆಳಿಗ್ಗೆ ಮೈದಾನ ತುಂಬಿತ್ತು. ನಾಟಕಕ್ಕೆ ಬಂದ ಹಾಗೆ ಜನ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ಮಾಬೂಬಿ ನನ್ನ ಪಕ್ಕದಲ್ಲೇ ಕೂತಿದ್ದಳು. ಮಡಿಲಲ್ಲಿ ಒಂದು ಬುಟ್ಟಿ, ಅದರ ಮೇಲೆ ಬಿಳಿಯ ಅರಿವೆ. "ಏನಕ್ಕಾ ಅದು?" ಎಂದೆ. "ಮಾದ್ಲಿ. ಆಮ್ಯಾಲ ಸಿಹಿ ಹಂಚಬೇಕಲ್ಲ," ಎಂದಳು.

ಬಾಳಪ್ಪನವರು ಎದ್ದು ನಿಂತು ಗಂಟಲು ಸರಿ ಮಾಡಿಕೊಂಡರು. "ಕಂಪನಿಯ ದಾರಿ ಕಾಯುವವರು ಈ ಊರಿನಲ್ಲಿ ಯಾರಾದರೂ ಇದ್ದಾರೆಯೇ?" ಯಾರೂ ಮಾತಾಡಲಿಲ್ಲ. ಎರಡನೆಯ ಸಲ ಕೇಳಿದರು. ಜನ ನನ್ನ ಕಡೆ ನೋಡಿ, ಪಾಪ, ಇವಳದೂ ಮುಗಿಯಿತು ಎನ್ನುವಂತೆ ಕಣ್ಣು ತಿರುಗಿಸಿದರು. ಮೂರನೆಯ ಸಲ ಕೇಳಿದರು. ನಾನು ಬುಟ್ಟಿಯ ಮೇಲಿದ್ದ ಮಾಬೂಬಿಯ ಕೈಯನ್ನು ನೋಡಿದೆ. ಆ ಕೈ ಏನನ್ನು ಬಿಟ್ಟುಕೊಡುತ್ತಿದೆ ಎಂದು ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಾನು ಎದ್ದು ನಿಂತೆ. "ನಾ ಕಾಯಾಕತ್ತೀನಿ," ಎಂದೆ.

ಮೈದಾನದಲ್ಲಿ ಗುಜುಗುಜು ಎದ್ದಿತು. ಬಾಳಪ್ಪನವರು ಮೆಲ್ಲಗೆ, "ತುಳಸಕ್ಕಾ, ನಿಮ್ಮವರು ತೀರಿಕೊಂಡಾರಲ್ಲವಾ," ಎಂದರು.

"ತೀರಿಕೊಂಡವರ ದಾರಿ ಕಾಯಬಾರದಂತ ಠರಾವಿನಾಗ ಬರದೈತೇನ್ರಿ?"

ಗುಮಾಸ್ತ ಹಳೆಯ ಪುಸ್ತಕ ತೆಗೆದು, ಬೆರಳಿಟ್ಟು, ಎರಡು ಸಲ ಓದಿದ. ಬರೆದಿರಲಿಲ್ಲ. ಬಾಳಪ್ಪನವರು ಸಭೆ ಮುಗಿಯಿತೆಂದು ಹೇಳಿ ಕೆಳಗಿಳಿದರು. ಜನ ಒಬ್ಬೊಬ್ಬರಾಗಿ ಎದ್ದರು. ಯಾರೂ ನನಗೆ ಬಯ್ಯಲಿಲ್ಲ. ಯಾರೂ ನನ್ನ ಹತ್ತಿರ ಬರಲೂ ಇಲ್ಲ.

ಮಾಬೂಬಿ ಮಾತ್ರ ಮನೆಯವರೆಗೆ ನನ್ನ ಹಿಂದೆಯೇ ಬಂದಳು. ಹೊಸ್ತಿಲ ಒಳಗೆ ಬಂದು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. "ನನ್ನ ನಿದ್ದಿ ಕಸಗೊಂಡೆಲ್ಲ! ನಿನ್ನ ಗಂಡಗ ಕಾಯಾಕ ನನ್ನ ಯಾಕ ಸುಡತೀಯ? ಮಾತು ಕೊಟ್ಟಿದ್ದೆಲ್ಲ ನನಗ!"

"ಸಿಗಲಿಲ್ಲಂದ್ರ ಬಾಯಿ ಬಿಡೂದಿಲ್ಲ ಅಂದಿದ್ದೆ," ಎಂದೆ. "ಸಿಕ್ಕಾನಕ್ಕಾ. ದಾವಲ ಸಿಕ್ಕಾನ."

ಅವಳ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು. ನಾನು ಎಲ್ಲ ಹೇಳಿದೆ, ಬಸ್‌ಸ್ಟ್ಯಾಂಡು, ಮೈಕು, ಅಡ್ಡಗಂಬ. ಅವನು ಹೇಳಬೇಡ ಎಂದದ್ದನ್ನೂ ಹೇಳಿದೆ. ಹದಿನೈದು ದಿನ ಮುಚ್ಚಿಟ್ಟದ್ದಕ್ಕೆ ಕಪಾಳಕ್ಕೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದು ಕೂತಳು.

"ಯಾವ ಕೈ?"

"ಬಲಗೈ."

"ಉಣ್ಣೂದು ಹ್ಯಾಂಗ ಮಾಡತಾನ?"

"ಚಮಚ ಹಿಡದಾನಕ್ಕಾ. ಎಡಗೈಲೆ."

"ಸಣ್ಣಾಂವ ಇದ್ದಾಗ ಎಡಗೈ ಎತ್ತಿದ್ರ ನಾನ ಹೊಡೀತಿದ್ದೆ," ಎಂದಳು. ಆಮೇಲೆ ಸೆರಗನ್ನು ಬಾಯಿಗೆ ತುಂಬಿಕೊಂಡು ಅತ್ತಳು. ಅಳುವುದು ಮುಗಿದ ಮೇಲೆ ಮುಖ ತೊಳೆದು, "ಆ ಊರಿಗೆ ಬಸ್ಸು ಎಷ್ಟಕ್ಕೈತಿ?" ಎಂದಳು. ಮಧ್ಯಾಹ್ನದ ಬಸ್ಸಿಗೆ ಹೋದಳು. ಮಾದಲಿಯ ಬುಟ್ಟಿಯನ್ನೂ ಒಯ್ದಳು.

ಹತ್ತು ದಿನ ಬಿಟ್ಟು ಒಬ್ಬಳೇ ತಿರುಗಿ ಬಂದಳು. ದಾವಲ ಬರಲಿಲ್ಲ. ಬರುತ್ತೇನೆ ಎಂದನಂತೆ, ಯಾವಾಗ ಎಂದು ಹೇಳಲಿಲ್ಲವಂತೆ. ಇನ್ನು ಮೇಲೆ ತಿಂಗಳಿಗೊಮ್ಮೆ ತಾನೇ ಹೋಗುತ್ತೇನೆ ಎಂದಳು. ಅವಳು ಸೊರಗಿದ್ದಳು, ಆ ಊರಿನ ಧೂಳು ಇನ್ನೂ ಸೀರೆಯ ಅಂಚಿನಲ್ಲಿತ್ತು. ಹೊಲಿಗೆ ಯಂತ್ರದ ಪಕ್ಕದ ಮಣೆಯ ಮೇಲೆ ಕೂತು, "ನಿನಗೊಂದು ಕಳಿಸ್ಯಾನ," ಎಂದಳು.

ನಾನು ಕೈ ಚಾಚಿದೆ. ಅವಳು ತಲೆಯಾಡಿಸಿದಳು.

"ಕೈಯಾಗ ಕೊಡೂದಲ್ಲ. ಜ್ವರದಾಗ ನಿನ್ನ ಗಂಡ ಒಂದು ಹೊಸಾ ಪದ ಕಟ್ಟತಿದ್ದನಂತ. ಮಾತಿಲ್ಲ, ಬರೇ ಧಾಟಿ. ದಾವಲಗ ಬಾಯಿಪಾಠ ಐತಿ. 'ಬಸ್ಸಿನ ಟೈಮು ಹೇಳಾಕ ಬರ್ತೈತಿ ನನಗ, ಪೇಟಿ ಬಾರಸಾಕ ಕೈ ಇಲ್ಲ, ನೀನ ಒಯ್ಯಿ' ಅಂದ. ಎಂಟು ದಿನಾ ನನಗ ಕಲಿಸ್ಯಾನ. ನಗಬ್ಯಾಡ ಮತ್ತ."

ಅವಳು ಕಣ್ಣು ಮುಚ್ಚಿಕೊಂಡು ಗುನುಗತೊಡಗಿದಳು. ಅವಳಿಗೆ ಸ್ವರವಿಲ್ಲ. ಮಂಡಕ್ಕಿ ಮಾರುವ ಕೂಗಿನ ದನಿ, ಎರಡು ಕಡೆ ಒಡೆಯಿತು, ಒಂದು ಕಡೆ ಮರೆತು ಹಿಂದಕ್ಕೆ ಹೋಗಿ ಹಿಡಿದುಕೊಂಡಳು. ಆದರೂ ಮೂರನೆಯ ತಿರುವಿನಲ್ಲಿ ಅವರ ಬೆರಳು ಎಲ್ಲಿ ಒಂದು ಚಣ ತಡೆದು ನಿಲ್ಲುತ್ತಿತ್ತೋ ಅಲ್ಲಿ ಅವಳೂ ನಿಂತಳು. ಹದಿನಾಲ್ಕು ವರ್ಷ ಕೇಳಿದ ತಡೆ ಅದು. ನನ್ನ ಎದೆ ಮೇಲಿಂದ ಕೆಳಗಿನವರೆಗೆ ಹರಿದುಹೋಯಿತು. ಯಂತ್ರದ ಮೇಲೆ ತಲೆಯಿಟ್ಟು ಬಿಕ್ಕಿದೆ.

ಮಾಬೂಬಿ ಗಾಬರಿಯಾಗಿ ನಿಲ್ಲಿಸಿದಳು. "ಸಾಕು ಮಾಡಲೇನು?"

"ಬ್ಯಾಡ," ಎಂದೆ. "ಇನ್ನೊಮ್ಮೆ ಅನ್ನಕ್ಕಾ. ಮದಲಿನಿಂದ ಅನ್ನು."